ಒಂದು ಸೆಕೆಂಡಿನ ಸದ್ದಿಗೆ ಎಂಟು ತಿಂಗಳು

ಕಳೆದ ತಿಂಗಳು ನನ್ನ ಝೆಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಎಂಬ ಹಳೆಯ ಮನೆ-ಕಂಪ್ಯೂಟರಿನ ಪರದೆಯ ಮೇಲೆ ‘ಕ’ ಮತ್ತೆ ಉದುರಿತು. 1987ರಲ್ಲಿ ಅಣ್ಣನೂ ನಾನೂ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಆಟ ಅದು. ಮೇಲಿನಿಂದ ಬೀಳುವ ಅಕ್ಷರ ನೆಲ ಮುಟ್ಟುವುದರೊಳಗೆ ಸರಿಯಾದ ಕೀ ಒತ್ತಬೇಕು. ಆಟವನ್ನು ಸದ್ದಿನ ರೂಪದಲ್ಲಿ ತುಂಬಿಟ್ಟಿದ್ದ ಕ್ಯಾಸೆಟ್ಟು ಸಾಗರದ ಮನೆಯ ಅಟ್ಟದಲ್ಲಿ ಮೂವತ್ತೈದಕ್ಕೂ ಹೆಚ್ಚು ಮಳೆಗಾಲ ಕಳೆದು ಬೂಷ್ಟು ಹಿಡಿದಿತ್ತು. ರಿಪೇರಿಯವರು “ಬಿಸಾಡಿ” ಎಂದರು. ಅಣ್ಣನೂ ಹಾಗೇ ಅಂದ.

ಬೇಸಿಕ್ ಸಾಲುಗಳನ್ನು ಮತ್ತೆ ಬರೆಯಬಹುದಿತ್ತು, ಅಕ್ಷರಗಳನ್ನಲ್ಲ. ಯುಡಿಜಿ, ಅಂದರೆ ನಾವೇ ಆಕಾರ ಬಿಡಿಸಿಕೊಳ್ಳಬಹುದಾದ ಮನೆಗಳು, ಇರುವುದೇ 21. ಕನ್ನಡದ ಅಕ್ಷರ 8×8 ಚುಕ್ಕಿಗಳಲ್ಲಿ ಹಿಡಿಸದೆ ಎರಡೆರಡು ಮನೆ ಬೇಡಿದ್ದರಿಂದ ಹತ್ತೇ ಅಕ್ಷರಕ್ಕೆ ಜಾಗ ಮುಗಿಯಿತು. ಗಣಿತದ ಚೌಕುಳಿ ಪುಸ್ತಕದಲ್ಲಿ ಅಣ್ಣ ಬಿಡಿಸಿದ ಆ ಆಕಾರಗಳನ್ನು ಬೇರೆಯಾಗಿ ಸೇವ್ ಮಾಡಿದ್ದೆವು. ಒಟ್ಟು 168 ಬೈಟು, ಒಂದೊಂದು ಬಿಟ್ಟೂ ಒಂದು ಚುಕ್ಕಿ. ಮೊದಲು ಒಂದೇ ಸಮನೆ ಕೇಳುವ ಪೈಲಟ್ ಸದ್ದು ಬಿಟ್ಟರೆ ಟೇಪಿನಲ್ಲಿ ಒಂದು ಸೆಕೆಂಡಿಗೂ ಕಡಿಮೆ.

ಮೊದಲು ಕೊಂಡ ಯುಎಸ್‌ಬಿ ಕ್ಯಾಸೆಟ್ ಪ್ಲೇಯರಿಗೆ 1,800 ರೂಪಾಯಿಯೋ ಏನೋ ಕೊಟ್ಟೆ. ಅದರ ವೇಗ ತೂಗಾಡುತ್ತಿತ್ತು, ಸದ್ದನ್ನು ತಾನೇ ಏರಿಸಿ ಇಳಿಸುತ್ತಿತ್ತು. ಆಮೇಲೆ ನಗರದ ಒಂದು ಅಂಗಡಿಗೆ ಕಳುಹಿಸಿದೆ. ಸುಮಾರು 4,000 ಪಡೆದು, “ಗದ್ದಲ ತೆಗೆದಿದ್ದೇವೆ” ಎಂದು ಎಂಪಿ3 ಕೊಟ್ಟರು. ನನಗೆ ಬೇಕಾಗಿದ್ದದ್ದೇ ಆ ಗದ್ದಲ! ಅದು ಲೋಡ್ ಆಗದ್ದಕ್ಕೆ ಎಂಪಿ3ಯೇ ಕಾರಣವಿರಬಹುದೆಂದು ಎರಡು ವಾರ ಬೇರೆ ದಾರಿ ಹಿಡಿದೆ. ಮ್ಯಾನಿಕ್ ಮೈನರ್ ಎಂಬ ಆಟದ ಟೇಪನ್ನು 128 ಕೆಬಿಪಿಎಸ್‌ನಲ್ಲಿ ಇಳಿಸಿ, ಮೊಬೈಲ್‌ನಿಂದ ನೇರವಾಗಿ ಸ್ಪೆಕ್ಟ್ರಮ್ಮಿನ ಇಯರ್ ಸಾಕೆಟ್ಟಿಗೆ ಪೂರ್ತಿ ವಾಲ್ಯೂಮ್‌ನಲ್ಲಿ ಕೊಟ್ಟೆ. ನಾಲ್ಕು ಸಲದಲ್ಲಿ ಮೂರು ಸಲ ಲೋಡ್ ಆಯಿತು. ಹಾಗಾಗಿ ನನ್ನ ಟೇಪನ್ನು ಕೆಡಿಸಿದ್ದು ಗದ್ದಲ ತೆಗೆಯುವ ಫಿಲ್ಟರೇ.

ಕೊನೆಗೆ 2,500ಕ್ಕೆ ಹಳೆಯ ಡೆಕ್ ಒಂದನ್ನು ತಂದು ಬೆಲ್ಟ್ ಬದಲಿಸಿದೆ. ಬೂಷ್ಟು ತೆಗೆದ ವಿಧಾನವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಕ್ಯಾಸೆಟ್‌ಗಳ ಮೇಲೆ ಪರೀಕ್ಷಿಸಬೇಕಿದೆ. ಟೇಪಿನ ಮೇಲೆ ಹೆಡ್ಡಿನ ಓರೆಯನ್ನು ಬದಲಿಸುವ ಅಜಿಮತ್ ತಿರುಪನ್ನು ಡೆಕ್ಕಿನ ಲೆಕ್ಕಕ್ಕಲ್ಲ, 1987ರಲ್ಲಿ ನಮ್ಮ ಮನೆಯ ಟೇಪ್‌ರೆಕಾರ್ಡರ್ ಇದ್ದ ಓರೆಗೆ ಹೊಂದಿಸಬೇಕು. ಪೈಲಟ್ ಸದ್ದು ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿದೆ. ಸದ್ದು ಮೊನಚಾದಲ್ಲಿ ನಿಲ್ಲಿಸಿದೆ. ಎರಡು ಚಾನೆಲ್ ಬೆರೆಸದೆ ಎಡದ್ದೊಂದನ್ನೇ ವೇವ್ ಕಡತವಾಗಿ ತೆಗೆದುಕೊಂಡೆ.

ಅದನ್ನು ಸ್ಪೆಕ್ಟ್ರಮ್ಮಿಗೆ ಕೊಟ್ಟಾಗ ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ, ಆಮೇಲೆ ‘ಟೇಪ್ ಲೋಡಿಂಗ್ ಎರರ್’. ಆದರೂ ಕುಣಿದಾಡುವಷ್ಟು ಸಂತೋಷವಾಯಿತು, ಏಕೆಂದರೆ ಬೈಟುಗಳ ಎಣಿಕೆ ಸರಿಯಿತ್ತು. ಎಲ್ಲವನ್ನೂ ಎಕ್ಸ್‌ಆರ್ (ಬಿಟ್ಟಿಗೆ ಬಿಟ್ಟು ತಾಳೆ ನೋಡುವ ಲೆಕ್ಕ) ಮಾಡಿದಾಗ ಸೊನ್ನೆಯ ಬದಲು 32 ಉಳಿಯಿತು. ತಪ್ಪು ಒಂದೇ ಇದ್ದರೆ ಅದು 32ರ ಬೆಲೆಯ ಬಿಟ್ಟಿನಲ್ಲೇ, ಅಂದರೆ ಸೊನ್ನೆಯಿಂದ ಎಣಿಸಿದರೆ 5ನೇ ಬಿಟ್ಟಿನಲ್ಲೇ ಇರಬೇಕು. ಪ್ರತಿ ಬೈಟಿನ ಆ ಬಿಟ್ಟಿನ ಅಲೆಯನ್ನು ಒಂದೊಂದಾಗಿ ಅಳೆದೆ, ಮೂರು ರಾತ್ರಿ. ಸೊನ್ನೆಯ ಅಲೆ ಸುಮಾರು ಅರ್ಧ ಮಿಲಿಸೆಕೆಂಡ್, ಒಂದರದ್ದು ಅದರ ಎರಡರಷ್ಟು. ಒಂದು ಕಡೆ ಮಾತ್ರ ಎರಡಕ್ಕೂ ನಡುವಿನ ಅಗಲವಿತ್ತು. ಸೊನ್ನೆ ಎಂದು ಓದಿದ್ದ ಅದನ್ನು ಒಂದು ಮಾಡಿದೆ. ಲೋಡ್ ಆಯಿತು! ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು.

ಆದರೆ ಹಾಗೆ ತುಂಬಿದ ಚುಕ್ಕಿ ‘ಳ’ದ ಬಾಲದಿಂದ ಹೊರಚಾಚಿತ್ತು. ತಪ್ಪು ಜಾಗದಲ್ಲಿ ಕೈ ಹಾಕಿದೆನೇನೋ ಎಂದು ಅಣ್ಣನಿಗೆ ಚಿತ್ರ ಕಳುಹಿಸಿದೆ. ಎರಡೇ ನಿಮಿಷದಲ್ಲಿ ಅವನ ಫೋನು ಬಂತು. “ಅದನ್ನು ಮುಟ್ಟಬೇಡ. ಬಾಲ ಉದ್ದವಾಗಿರಲಿ ಎಂದು ನಾನೇ ಇಟ್ಟ ಚುಕ್ಕಿ ಅದು,” ಎಂದ.