ಮಕ್ಕಳ ಜೀವನಾಂಶ: 18 ತುಂಬಿದ ಮೇಲೂ ನಾನು ಯಾಕೆ ಕಟ್ಟಿದೆ

ನಾನು ಮತ್ತು ನನ್ನ ಹೆಂಡತಿ ಬೇರೆಯಾಗಿದ್ದು 2014ರಲ್ಲಿ. ಆಗ ಮಗ ಏಳನೇ ಕ್ಲಾಸು, ಮಗಳು ಮೂರನೇ ಕ್ಲಾಸು. ಇಬ್ಬರೂ ಅಮ್ಮನ ಜೊತೆ ಮೈಸೂರಿನಲ್ಲೇ ಉಳಿದರು. ಮಗನ ಜೀವನಾಂಶ ಈಗ ಮುಗಿದಿದೆ, ಮಗಳದ್ದು ನಡೆಯುತ್ತಿದೆ. ನನ್ನ ಹಾಗೆ ಬೇರೆಯಾದ ಗೆಳೆಯರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಹದಿನೆಂಟು ತುಂಬಿದರೆ ನಿಲ್ಲಿಸಬಹುದು ಅಲ್ವಾ?"

ಅದಕ್ಕೆ ಉತ್ತರ ನಿಮ್ಮ ಕೋರ್ಟಿನ ಆದೇಶದಲ್ಲಿ ಏನು ಬರೆದಿದೆ ಎನ್ನುವುದರ ಮೇಲಿದೆ. ಹಾಗಾಗಿ ಬರೆಯುವ ಹೊತ್ತಿನಲ್ಲೇ ಎಚ್ಚರವಾಗಿರಬೇಕು.

ನಮ್ಮದು ಇಬ್ಬರೂ ಒಪ್ಪಿ ಪಡೆದ ವಿಚ್ಛೇದನ. ಫ್ಯಾಮಿಲಿ ಕೋರ್ಟು ನಮ್ಮನ್ನು ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ಕೂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಲು, ಕಳಿಸಿತ್ತು. ಅಲ್ಲಿದ್ದ ಮೇಡಂ ತುಂಬಾ ತಾಳ್ಮೆಯವರು. ತಿಂಗಳಿಗೆ ಎಷ್ಟು ಎನ್ನುವುದು ಬೇಗ ಇತ್ಯರ್ಥವಾಯಿತು. ಆಮೇಲೆ ಅವರು ಕೇಳಿದರು: "ಮಗನಿಗೆ ಹದಿನೆಂಟು ಯಾವಾಗ ತುಂಬತ್ತೆ ಸಾರ್?" ಫೆಬ್ರವರಿಯಲ್ಲಿ ಅಂದೆ. "ಅಂದ್ರೆ ಸೆಕೆಂಡ್ ಪಿಯುಸಿ ಪರೀಕ್ಷೆಗೆ ಒಂದು ತಿಂಗಳು ಮುಂಚೆ. ಅವತ್ತು ದುಡ್ಡು ನಿಲ್ಲಿಸ್ತೀರಾ?" ನಾನೂ ಅವಳೂ ಒಂದೇ ಸಲ "ಇಲ್ಲ" ಅಂದೆವು. ಆ ಹೊತ್ತಿಗೆ ನಾವಿಬ್ಬರೂ ಒಪ್ಪುತ್ತಿದ್ದ ಮಾತುಗಳೇ ಕಡಿಮೆ. ಈ ಮಾತಿಗೆ ಮಾತ್ರ ಚರ್ಚೆಯೇ ಬೇಕಾಗಲಿಲ್ಲ.

ಹಾಗಾಗಿ ಒಪ್ಪಂದದಲ್ಲಿ "ಮೊದಲ ಪದವಿ ಮುಗಿಯುವವರೆಗೆ, ಅಥವಾ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು" ಎಂದು ಬರೆಸಿದೆವು. ಮಗನಿಗೆ 8,000, ಮಗಳಿಗೆ 8,000 ಎಂದು ಬೇರೆ ಬೇರೆ ಹಾಕಿಸಿದೆವು. ಇದು ಬಹಳ ಮುಖ್ಯ. "ಮಕ್ಕಳಿಗೆ 16,000" ಎಂದು ಒಟ್ಟಿಗೆ ಬರೆದಿದ್ದರೆ, ದೊಡ್ಡವನದ್ದು ಮುಗಿದ ಮೇಲೆ ಎಷ್ಟು ಕಡಿಮೆಯಾಗಬೇಕು ಎಂದು ಮತ್ತೆ ಕೋರ್ಟಿಗೆ ಹೋಗಬೇಕಾಗುತ್ತಿತ್ತು. ಪ್ರತಿ ಜೂನ್‌ನಲ್ಲಿ ಶೇ 5 ಏರಿಕೆಯನ್ನೂ ಸೇರಿಸಿದೆವು. ವರ್ಷ ವರ್ಷ ಕೇಳುವ ಕಷ್ಟ ಅವಳಿಗೂ ತಪ್ಪಿತು, ಇಲ್ಲ ಅನ್ನುವ ಸಂದರ್ಭ ನನಗೂ ಬರಲಿಲ್ಲ.

ಕಾನೂನು ಹೇಳುವುದನ್ನು ಚಿಕ್ಕದಾಗಿ ಬರೆಯುತ್ತೇನೆ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಆಗಿದೆ. ಇದು ಎಲ್ಲಾ ಧರ್ಮದವರಿಗೂ ಅನ್ವಯ. ಇದರ ಪ್ರಕಾರ ಮಕ್ಕಳಿಗೆ ಸಾಮಾನ್ಯವಾಗಿ 18ರವರೆಗೆ. ದೇಹದ ಅಥವಾ ಮನಸ್ಸಿನ ತೊಂದರೆಯಿಂದ ದುಡಿಯಲಾಗದ ಮಕ್ಕಳಿಗೆ ಆಮೇಲೂ ಉಂಟು. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಇದೆ. ಮದುವೆಯಾಗದ, ತನ್ನ ಸಂಪಾದನೆಯಲ್ಲಿ ಬದುಕಲಾಗದ ಮಗಳಿಗೆ 18 ದಾಟಿದರೂ ಹಕ್ಕಿದೆ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಮರುವರ್ಷ ಮಾರ್ಚ್‌ನಲ್ಲಿ, ಕರ್ನಾಟಕದ ಒಬ್ಬ ಸರ್ಕಾರಿ ನೌಕರರ ಪ್ರಕರಣದಲ್ಲಿ, ಮಗ ಮೊದಲ ಡಿಗ್ರಿ ಮುಗಿಸುವವರೆಗೆ ಅಪ್ಪ ಕೊಡಬೇಕು ಎಂದಿತು. ಅದನ್ನು ಓದಿದಾಗ, ನಾವು ಬರೆಸಿದ್ದು ಸರಿಯಿತ್ತು ಎಂದು ಸಮಾಧಾನವಾಯಿತು.

ದುಡ್ಡು ಕಳಿಸಲು ಸಂಬಳದ ಖಾತೆಯಿಂದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿದೆ. ಪ್ರತಿ ತಿಂಗಳು 3ನೇ ತಾರೀಖು ತಾನಾಗಿ ಹೋಗುತ್ತದೆ. ಕೈಯಲ್ಲಿ ನಗದು ಕೊಡಬೇಡಿ. ಎಷ್ಟೇ ನಂಬಿಕೆ ಇರಲಿ, ಐದಾರು ವರ್ಷದ ನಂತರ ಯಾರಿಗೂ ಲೆಕ್ಕ ನೆನಪಿರುವುದಿಲ್ಲ. ಸ್ಕೂಲ್ ಫೀಸನ್ನು ನಾನೇ ನೇರ ಕಟ್ಟಿ ರಸೀದಿ ಇಟ್ಟುಕೊಳ್ಳುತ್ತಿದ್ದೆ. ಜೀವನಾಂಶಕ್ಕೆ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಎರಡು ಮಕ್ಕಳ ಟ್ಯೂಷನ್ ಫೀಸು ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್ ಅಡಿ ಕಡಿತದ ಲೆಕ್ಕಕ್ಕೆ ಬರುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ನೋಡಲು ನನಗೆ ಆಗಲಿಲ್ಲ. ಜಗಳವಿತ್ತು. "ಮಕ್ಕಳನ್ನು ಕಳಿಸದಿದ್ದರೆ ದುಡ್ಡು ಯಾಕೆ ಕಳಿಸ್ತೀಯ?" ಎಂದು ನಮ್ಮಣ್ಣ ಸಿಟ್ಟಾದ. ನಾನು ನಿಲ್ಲಿಸಲಿಲ್ಲ. ಭೇಟಿಯ ವಿಷಯಕ್ಕೆ ಬೇರೆ ಅರ್ಜಿ ಹಾಕಬಹುದು, ಅದಕ್ಕೂ ಜೀವನಾಂಶಕ್ಕೂ ಗಂಟು ಹಾಕಬಾರದು. ಅಕ್ಕಿ, ಹಾಲು, ಬಸ್ ಪಾಸು ನಮ್ಮ ಜಗಳ ಮುಗಿಯಲಿ ಅಂತ ಕಾಯುವುದಿಲ್ಲ. ಬಾಕಿ ಉಳಿಸಿಕೊಂಡರೆ ಅಪಾಯವೂ ಇದೆ. 144ರ ಅಡಿಯ ಆದೇಶವಾದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಕಾರ್ಖಾನೆ ಅರ್ಧ ಸಂಬಳ ಕೊಟ್ಟಿತು. ಆಗ ಸುಮ್ನೆ ಕಡಿಮೆ ಕಳಿಸಲಿಲ್ಲ. ಸಂಬಳದ ಚೀಟಿ ಕಳಿಸಿ, ಮೂರು ತಿಂಗಳು ಅರ್ಧ ಕೊಟ್ಟು ಉಳಿದದ್ದನ್ನು ಆಮೇಲೆ ತೀರಿಸಲೇ ಎಂದು ಕೇಳಿದೆ. ಅವಳು ಒಪ್ಪಿ ಬರೆದುಕೊಟ್ಟಳು. ಒಪ್ಪದಿದ್ದರೆ, ಪರಿಸ್ಥಿತಿ ಬದಲಾಗಿದೆ ಎಂದು ಕೋರ್ಟಿಗೆ ಅರ್ಜಿ ಹಾಕುವ ದಾರಿ ಇದೆ. ಕೆಲಸ ಹೋದವರು ಈ ಅರ್ಜಿಯನ್ನು ತಡಮಾಡಬೇಡಿ. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತಿರುತ್ತದೆ.

ಮಗ ಎಂಜಿನಿಯರಿಂಗ್ ಸೇರಿ ಹಾಸ್ಟೆಲ್‌ಗೆ ಹೋದ ಮೇಲೆ, ಅವನ ಅಮ್ಮನನ್ನು ಕೇಳಿಯೇ, ಅವನ ಪಾಲನ್ನು ಅವನ ಖಾತೆಗೆ ಹಾಕತೊಡಗಿದೆ. ಕೇಳದೆ ಹಾಗೆ ಮಾಡಬಾರದು. ಆದೇಶದಲ್ಲಿ ಯಾರ ಕೈಗೆ ಎಂದಿದೆಯೋ ಅವರಿಗೆ ಕೊಟ್ಟರೆ ಮಾತ್ರ ಅದು ಪಾವತಿ. 2024ರಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದಾಗ ಅವನೇ ಫೋನ್ ಮಾಡಿ, "ಅಪ್ಪಾ, ಮುಂದಿನ ತಿಂಗಳಿಂದ ಬೇಡ" ಅಂದ. ಆದರೂ ಅವನ ಮೊದಲ ಸಂಬಳ ಬರುವವರೆಗೆ ಕಳಿಸಿದೆ. ಆಮೇಲೆ ಲಾಯರ್ ಮೂಲಕ, ಮಗನ ಪಾಲು ಮುಗಿದಿದೆ ಎಂದು ಇಬ್ಬರೂ ಸಹಿ ಮಾಡಿದ ಮೆಮೊ ಕೋರ್ಟಿಗೆ ಕೊಟ್ಟು, ಬ್ಯಾಂಕಿಗೆ ಹೋಗಿ ಅವನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ರದ್ದು ಮಾಡಿಸಿದೆ.

ಮಗಳಿಗೆ ಅದೇ ವರ್ಷ 18 ತುಂಬಿತು. ಈಗ ಬಿಕಾಂ ಓದುತ್ತಿದ್ದಾಳೆ, ಜೊತೆಗೆ ಸಿಎ ಮಾಡಬೇಕು ಎನ್ನುತ್ತಾಳೆ. ನಮ್ಮ ಒಪ್ಪಂದದ ಮಾತು ಬಿಕಾಂಗೆ ಮುಗಿಯುತ್ತದೆ, ಸಿಎ ಅದಕ್ಕಿಂತ ಉದ್ದ. ಆರ್ಟಿಕಲ್‌ಶಿಪ್‌ನಲ್ಲಿ (ಸಿಎ ಓದುವವರು ಮಾಡಬೇಕಾದ ತರಬೇತಿ) ಸಿಗುವ ಸ್ಟೈಪೆಂಡಿನಲ್ಲಿ ಊಟ, ಬಾಡಿಗೆ ನಡೆಯುವುದಿಲ್ಲ. ಆ ಸೆಕ್ಷನ್ 20 ಇರುವುದೇ ಇಂಥ ಮಕ್ಕಳಿಗೆ. ಅವಳು ಅರ್ಜಿ ಹಿಡಿದು ಕೋರ್ಟಿಗೆ ಹೋಗುವ ಹಾಗೆ ಆಗಬಾರದು ಎಂದು, ಸಿಎ ಮುಗಿಯುವವರೆಗೆ ಕಟ್ಟುತ್ತೇನೆಂದು ಅವಳಮ್ಮನಿಗೆ ಈಗಲೇ ಬರೆದುಕೊಟ್ಟಿದ್ದೇನೆ.