58 ತೂಬುಗಳ ನಾಲೆಯಲ್ಲಿ ನಾವಿಬ್ಬರು

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಹತ್ತಿರ, ವಿ.ಸಿ. ನಾಲೆ ಏರಿಯ ಪಕ್ಕದ ಊರಲ್ಲಿ. ನಮ್ಮಜ್ಜ ಕೊನೇವರೆಗೂ ಅದನ್ನು ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದ. ನಾಲೆ ಅಂದರೆ ನಮಗೆ ಗದ್ದೆ ನೀರು, ಅಷ್ಟೇ. ಕಟ್ಟೆಯಿಂದ ನೀರು ಬಿಟ್ಟರೆ ನಾಟಿ, ಬಿಡದಿದ್ದರೆ ಹೆದ್ದಾರಿಯಲ್ಲಿ ಧರಣಿ. ಅಂಥವಳು ಯಜಮಾನರ ಜೊತೆ ಸ್ವೀಡನ್ನಿನ ಯೋಟಾ ನಾಲೆಯಲ್ಲಿ 190 ಕಿಲೋಮೀಟರ್ ಹಾಯಿದೋಣಿ ನಡೆಸಿಕೊಂಡು ಹೋದೆ.

ಇವರಿಗೆ ದೋಣಿ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮೇಲೆ. ಮೈಸೂರಿಗೆ ಮನೆ ಬದಲಾಯಿಸಿದ್ದೆವು. ಕೆ.ಆರ್.ಎಸ್. ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಕಲಿಸುವವರು ಸಿಕ್ಕರು, ಎರಡು ಮುಂಗಾರು ಅಲ್ಲೇ ಕಳೆದೆವು. ಗಾಳಿ ಎಲ್ಲಿಂದ ಬರುತ್ತದೆ ಅಂತ ಕೆನ್ನೆಯಲ್ಲೇ ತಿಳಿಯೋದು, ಮಗುಚಿದರೆ ಹೆದರದೆ ದೋಣಿ ಎತ್ತಿ ಕೂರಿಸೋದು, ಇಷ್ಟು ಬಂತು. ಮಗಳು ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿದ್ದಾಳೆ. ಅವಳ ಸಹೋದ್ಯೋಗಿಯೊಬ್ಬರು ತಮ್ಮ ಹಳೇ 27 ಅಡಿ ದೋಣಿಯನ್ನು ಜುಲೈನಲ್ಲಿ ಎರಡು ವಾರಕ್ಕೆ ಕೊಟ್ಟರು. ಆ ಅಳತೆಯ ದೋಣಿಗೆ ಅಲ್ಲಿ ಲೈಸೆನ್ಸ್ ಬೇಕಿಲ್ಲ. 12 ಮೀಟರ್ ಉದ್ದ, 4 ಮೀಟರ್ ಅಗಲ ದಾಟಿದ್ದಕ್ಕೆ ಮಾತ್ರ ಬೇಕು.

ಹೊರಡುವ ಮೊದಲು ಹಾಯಿಯದೇ ಚಿಂತೆಯಾಗಿತ್ತು. ಸುಮ್ಮನೆ ಚಿಂತಿಸಿದೆವು. ತೋಡಿದ ನಾಲೆಯಲ್ಲಿ ಎಲ್ಲರೂ ಹೋಗೋದು ಡೀಸೆಲ್ ಎಂಜಿನ್ನಿನಲ್ಲಿ, ಅದೂ ಐದು ನಾಟ್ ಮೀರಬಾರದು. ಗಂಟೆಗೆ ಒಂಬತ್ತು ಕಿಲೋಮೀಟರ್, ನಮ್ಮೂರ ಸೈಕಲ್ಲೇ ವಾಸಿ. ಹಾಯಿಕಂಬ ಇಳಿಸಬೇಕಾಗಿಲ್ಲ, ದಾರಿಯ ಸೇತುವೆಗಳೇ ಬಾಯಿ ತೆರೆದುಕೊಳ್ಳುತ್ತವೆ. ಹಾಯಿ ಬಿಚ್ಚಿದ್ದು ನಡುವೆ ಕೆರೆಗಳು ಸಿಕ್ಕಾಗ ಮಾತ್ರ. ಕೆರೆ ಅಂತ ಬಾಯಿಮಾತಿಗೆ ಅಂದೆ. ವೆಟ್ಟರ್ನ್ ಸರೋವರದ ನಡುವೆ ನಿಂತರೆ ಕೆ.ಆರ್.ಎಸ್. ನೆನಪೂ ಬರೋದಿಲ್ಲ.

ನಿಜವಾದ ಕೆಲಸ ಇದ್ದದ್ದು ಲಾಕ್‌ಗಳಲ್ಲಿ. ಒಟ್ಟು 58. ನಮ್ಮವರಿಗೆ ಹೇಳೋದಾದರೆ ಲಾಕ್ ಅಂದರೆ ಎರಡು ತೂಬಿನ ನಡುವಿನ ಕಲ್ಲುಕೋಣೆ. ದೋಣಿ ಒಳಗೆ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮೇಲಿನ ಬಾಗಿಲ ಕಿಂಡಿಯಿಂದ ನೀರು ನುಗ್ಗುತ್ತದೆ. ಕೋಣೆ ತುಂಬಿದಂತೆ ದೋಣಿ ಏಳುತ್ತದೆ, ಆಮೇಲೆ ಮುಂದಿನ ಬಾಗಿಲು. ಪಂಪು ಗಿಂಪು ಏನೂ ಇಲ್ಲ, ನೀರು ತನ್ನ ಪಾಡಿಗೆ ಇಳಿಯುವುದೇ ಸಾಕು. ಪಶ್ಚಿಮದ ವೇನರ್ನ್ ಸರೋವರದ ದಡದ ಶೋಟೋರ್ಪ್‌ನಿಂದ ಹೀಗೆ ಮೆಟ್ಟಿಲು ಹತ್ತಿ ಹತ್ತಿ ಸಮುದ್ರಮಟ್ಟದಿಂದ 91.8 ಮೀಟರ್ ಎತ್ತರದ ವೀಕೆನ್ ಸರೋವರ ಸೇರಬೇಕು. ಅದೇ ನಾಲೆಯ ನೆತ್ತಿ. ಅಲ್ಲಿಂದ ಆಚೆಗೆಲ್ಲ ಇಳಿಜಾರು.

ಹತ್ತುವಾಗ ಹೆಂಗಸರಿಗೇ ಕಷ್ಟ ಅಂತ ಮೊದಲ ದಿನವೇ ಗೊತ್ತಾಯಿತು. ಎಲ್ಲ ದೋಣಿಯಲ್ಲೂ ಗಂಡ ಚುಕ್ಕಾಣಿ ಹಿಡಿದು ನಿಂತಿರುತ್ತಾನೆ, ಹೆಂಡತಿ ಹಗ್ಗ ಹಿಡಿದು ದಡದಲ್ಲಿ ಓಡುತ್ತಿರುತ್ತಾಳೆ! ಲಾಕಿನ ಒಳಗೋಡೆ ಪಾಚಿ ಹಿಡಿದು ಜಾರುತ್ತದೆ, ತಳದಿಂದ ಮೇಲಕ್ಕೆ ಹತ್ತೋಕಾಗದು. ಅದಕ್ಕೆ ಮೊದಲೇ ಇಳಿದು, ಎರಡು ಹಗ್ಗ ಹೊತ್ತು ಮೇಲಕ್ಕೆ ಹೋಗಬೇಕು. ಹಗ್ಗ ಕಟ್ಟೋಕೆ ದಡದಲ್ಲಿ ಬಳೆಗಳಿರುತ್ತವೆ, ಹಿಂದಿನ ಹಗ್ಗವನ್ನು ದೋಣಿಯ ಹಿಂಬದಿಗೆ ನೇರವಾಗಿರುವ ಬಳೆಗೆ ಕಟ್ಟೋದು. ಮುಂದಿನದನ್ನು ಸಾಕಷ್ಟು ಮುಂದಿರುವ ಬಳೆಯಲ್ಲಿ ತೂರಿಸಿ ತುದಿಯನ್ನು ದೋಣಿಗೆ ವಾಪಸು ಎಸೆಯೋದು. ನೀರು ಏರಿದಂತೆ ಇವರು ಆ ತುದಿಯನ್ನು ವಿಂಚಿಗೆ, ಅಂದರೆ ದೋಣಿಯ ಮೇಲಿರುವ ಹಗ್ಗ ಎಳೆಯುವ ರಾಟೆಗೆ, ಸುತ್ತಿ ಎಳೆದುಕೊಳ್ಳುತ್ತಾ ಇರಬೇಕು. ಒಂದು ಗಳಿಗೆ ಸಡಿಲ ಬಿಟ್ಟರೂ ನೀರಿನ ರಭಸಕ್ಕೆ ಮೂತಿ ಅಡ್ಡ ತಿರುಗುತ್ತದೆ. ಮೂರನೇ ಲಾಕಿನಲ್ಲಿ ನಮ್ಮದು ತಿರುಗಿತು. ಪಕ್ಕದ ದೋಣಿಯ ಅಜ್ಜಿ ಕಾಲಿನಲ್ಲೇ ತಳ್ಳಿ, ಏನೂ ಆಗದವರ ಹಾಗೆ ಕಾಫಿ ಕುಡಿದರು.

ಇಳಿಯೋದು ಸಲೀಸು ಅಂದುಕೊಂಡಿದ್ದೆವು. ಫೋರ್ಸ್‌ವಿಕ್‌ನಲ್ಲಿ ಮೊದಲ ಇಳಿತ. 1813ರದು, ಆ ನಾಲೆಯ ಅತಿ ಹಳೇ ಲಾಕ್. ಇವರು ಅಭ್ಯಾಸಬಲದಿಂದ ಹಿಂದಿನ ಹಗ್ಗವನ್ನು ಎಮ್ಮೆ ಕಟ್ಟಿದ ಹಾಗೆ ಬಿಗಿದುಬಿಟ್ಟರು. ನೀರು ಇಳಿಯಿತು, ದೋಣಿಯ ಹಿಂಭಾಗ ಇಳಿಯಲಿಲ್ಲ. ಒಳಗೆ ಅಡುಗೆಕಟ್ಟೆಯ ಮೇಲಿದ್ದ ಚಟ್ನಿಪುಡಿ ಡಬ್ಬಿ ಉರುಳಿದ ಸದ್ದು ಕೇಳಿಸಿತು. "ರೀ, ಹಗ್ಗ ಬಿಡ್ರಿ!" ಅಂತ ನಾನು ಕಿರುಚಿದ್ದು ಇಡೀ ಸ್ವೀಡನ್ನಿಗೆ ಕೇಳಿರಬೇಕು. ಭಾರ ಬಿದ್ದ ಗಂಟು ಬಿಚ್ಚೋಕೆ ಬರುತ್ತದೆಯೇ? ಲಾಕ್ ನೋಡಿಕೊಳ್ಳುವ ಹುಡುಗಿ ಗುಂಡಿ ಒತ್ತಿ ನೀರು ನಿಲ್ಲಿಸಿ, ಸ್ವಲ್ಪ ಮತ್ತೆ ತುಂಬಿಸಿದಳು. ಆಮೇಲೆ ಗಂಟು ಸಡಿಲಾಯಿತು. ಇಳಿಯುವಾಗ ಕಟ್ಟಲೇಬಾರದು, ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದು ಬಿಡುತ್ತಾ ಹೋಗಬೇಕು. ಅವತ್ತಿಂದ ಹಿಂದಿನ ಹಗ್ಗ ನನ್ನ ಕೈಗೆ ಬಂತು.

ಬೇಸಿಗೆ ರಜೆಯಲ್ಲಿ ದುಡಿಯುವ ಕಾಲೇಜು ಮಕ್ಕಳೇ ಅಲ್ಲಿ ಹೆಚ್ಚಾಗಿ ನೀರಗಂಟಿಗಳು. ನಮ್ಮೂರ ನೀರಗಂಟಿಯ ಠೀವಿ ಇವರಿಗಿಲ್ಲ ಬಿಡಿ. ಬಹುತೇಕ ಬಾಗಿಲು ಗುಂಡಿ ಒತ್ತಿದರೆ ತೆರೆಯುತ್ತವೆ. ಟೋಟೋರ್ಪ್, ಬೋರೆನ್ಸ್‌ಬರ್ಗ್ ಎರಡು ಕಡೆ ಮಾತ್ರ ಇನ್ನೂ ಕೈಯಲ್ಲೇ ನೂಕೋದು. ಟೋಟೋರ್ಪ್‌ನಲ್ಲಿ ನಾವೂ ಕೈಕೊಟ್ಟೆವು. ಉದ್ದದ ಮರದ ತೊಲೆಗೆ ಬೆನ್ನು ಕೊಟ್ಟು ಹಿಮ್ಮುಖ ನಡೆದರೆ ಆ ಭಾರದ ಬಾಗಿಲು ಗಾಣದ ಹಾಗೆ ನಿಧಾನ ತಿರುಗಿತು.

ವೆಟ್ಟರ್ನ್ ದಾಟಲು ಕಾರ್ಲ್ಸ್‌ಬೋರ್ಗ್‌ನಲ್ಲಿ ಒಂದೂವರೆ ದಿನ ಕಾದೆವು. ಅಲ್ಲಿ ಅಲೆ ಚಿಕ್ಕದು, ಕಡಿದು, ಎದ್ದರೆ ಹೇಳದೆ ಕೇಳದೆ ಏಳುತ್ತದೆ ಅಂತ ಎಲ್ಲರೂ ಎಚ್ಚರಿಸಿದ್ದರು. ಮರುದಿನ ಮುಂಜಾನೆ ಹಾಯಿ ಬಿಚ್ಚಿ ಎಂಜಿನ್ ಆರಿಸಿದಾಗ, ಆರು ದಿನದ ಡೀಸೆಲ್ ಸದ್ದಿನ ಮೇಲೆ ಆ ಮೌನಕ್ಕೆ ಇಬ್ಬರೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೋಟಾಲಾ. ನಾಲೆ ಕಟ್ಟಿಸಿದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಸಮಾಧಿ ಅಲ್ಲೇ ನೀರಿನ ಪಕ್ಕ ಇದೆ. 1810ರಲ್ಲಿ ಶುರುವಾದ ಕೆಲಸ 1832ರಲ್ಲಿ ಮುಗಿಯಿತು, ಆತ ತೀರಿಕೊಂಡದ್ದು 1829ರಲ್ಲಿ. ಅಗೆದವರು ಸುಮಾರು 58,000 ಸೈನಿಕರು, ಅದೂ ಹೆಚ್ಚಿನಂಶ ಗುದ್ದಲಿಯಲ್ಲಿ.

ಬೆರ್ಗ್‌ನಲ್ಲಿ ಒಂದರ ಕೆಳಗೊಂದು ಏಳು ಲಾಕ್, ಒಟ್ಟು 18.8 ಮೀಟರ್ ಇಳಿತ. ದಡದಲ್ಲಿ ಐಸ್‌ಕ್ರೀಂ ತಿನ್ನುತ್ತಾ ನೋಡುವ ಜಾತ್ರೆಯೇ ಸೇರಿರುತ್ತದೆ. ಅಷ್ಟು ಕಣ್ಣುಗಳ ಮುಂದೆ ಇವರು ಒಂದೂ ಗಂಟು ಹಾಕಲಿಲ್ಲ.

ಊಟದ ವಿಷಯ ಕೇಳುವವರಿಗೆ: ಹುರಿಹಿಟ್ಟು, ಅವಲಕ್ಕಿ ಒಯ್ದಿದ್ದೆ, ರಾತ್ರಿ ದೋಣಿ ಕಟ್ಟಿದ ಮೇಲೆ ಮುದ್ದೆ. ದೋಣಿಯ ಶೌಚದ ಟ್ಯಾಂಕನ್ನು ನೀರಿಗೆ ಬಿಡುವಂತಿಲ್ಲ, 2015ರಿಂದ ಅಲ್ಲಿ ಅದು ಕಾನೂನು. ದಡದ ಪಂಪಿಗೆ ಪೈಪು ಜೋಡಿಸಿ ಖಾಲಿ ಮಾಡುವುದು ಯಜಮಾನರ ಪಾಲಿಗೆ ಬಂತು, ಆ ವಿಷಯದಲ್ಲಿ ನಾನು ಚೌಕಾಸಿ ಮಾಡಲಿಲ್ಲ.

ಊರಿಗೆ ಬಂದ ಮೇಲೆ ಫೋಟೋ ನೋಡಿದ ನಮ್ಮಣ್ಣ ಕೇಳಿದ ಮೊದಲ ಪ್ರಶ್ನೆ: "ಏನಮ್ಮಿ, ಈ ನಾಲೇಲಿ ಎಷ್ಟೆಕರೆ ನೀರಾವರಿ ಆಯ್ತದೆ?"

"ದೋಣಿಗೆ ತೋಡಿದ್ದಣ್ಣ, ಗದ್ದೆಗಲ್ಲ."

"ನೀರೆಲ್ಲ ಎಲ್ಲೋಯ್ತದೆ ಮತ್ತೆ?"

ಮೇಮ್ ಅನ್ನೋ ಊರಲ್ಲಿ ಕೊನೇ ಲಾಕ್ ದಾಟಿದರೆ ಬಾಲ್ಟಿಕ್ ಸಮುದ್ರ, ಅಲ್ಲಿಗೆ ಹೋಗುತ್ತದೆ ಅಂದೆ. ಅಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದ್ದನ್ನೂ ಹೇಳಿದೆ. ಉಪ್ಪು ಹಾಕೋದು ಮರೆತ ಸಾರಿನ ಹಾಗಿತ್ತು. ಅಣ್ಣ ಫೋಟೋದಲ್ಲಿ ಏರಿಯನ್ನೇ ಹಿಗ್ಗಿಸಿ ನೋಡುತ್ತಾ, "ಹೂಳು ಮಾತ್ರ ಚೆನ್ನಾಗಿ ತೆಗೆಸವ್ರೆ" ಅಂದ.