ಅಜ್ಜಿಗೆ ಬಿಟ್ಟುಹೋದ ಜಡೆ: ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎರಡು ಸಲ ಆಡಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ. ಇನ್ನೂ ಆಡದವರು ಆಡಿ ಮುಗಿಸಿ ಬಂದು ಓದಿ.

‘ಎಲ್ಡನ್ ರಿಂಗ್’ ಎಂಬ ವಿಡಿಯೋ ಗೇಮ್ ಆಡಿದವರು ಅಲೆಕ್ಸಾಂಡರನನ್ನು ಮರೆತಿರಲಾರರು. ಆಟ ಶುರುವಾಗುವ ಲಿಮ್‌ಗ್ರೇವ್ ಪ್ರದೇಶದ ಒಂದು ಗುಂಡಿಯಲ್ಲಿ ಸಿಕ್ಕಿಹಾಕಿಕೊಂಡು ‘ಹಿಂದಿನಿಂದ ಒಂದು ಬಾರಿಸಪ್ಪಾ’ ಎಂದು ಬೇಡಿಕೊಳ್ಳುವ ದೊಡ್ಡ ಗುಡಾಣ. ಕೈಕಾಲು ಬಂದ ಗುಡಾಣ. ಮಾತಾಡುತ್ತಾನೆ, ವೀರನಾಗಬೇಕೆಂದು ಕನಸು ಕಾಣುತ್ತಾನೆ. ಸತ್ತ ಯೋಧರ ಮಾಂಸವನ್ನು ಒಳಗೆ ತುಂಬಿಕೊಳ್ಳುತ್ತಾನೆ ಅಂತ ಗೊತ್ತಾದಾಗಲೂ ನಮಗೆ ಅಸಹ್ಯ ಅನಿಸಲಿಲ್ಲ. ಅದೊಂದು ಗೌರವದ ಕೆಲಸ ಅಂತಲೇ ಆಟ ನಮ್ಮನ್ನು ಒಪ್ಪಿಸಿತ್ತು. 2022ರ ಫೆಬ್ರವರಿಯಲ್ಲಿ ಬಂದ ಮೂಲ ಆಟದಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ಪಾತ್ರ ಅವನೇ.

2024ರ ಜೂನ್ 21ರಂದು ಆ ಆಟಕ್ಕೆ ಹೊಸ ನಾಡು, ಹೊಸ ಕಥೆ ಸೇರಿಸುವ ವಿಸ್ತರಣೆ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಬಂತು. ಅದರ ಒಂದು ಸೆರೆಮನೆಯಲ್ಲಿ ನಾನು ಒಂದು ಗುಡಾಣ ಒಡೆದೆ. ಒಳಗಿಂದ ಬಂದದ್ದು ಒಂದು ಮಾಂಸದ ಮುದ್ದೆ. ಅದಕ್ಕೆ ಮುಖಗಳಿದ್ದವು. ಅದು ಅಳುತ್ತಿತ್ತು. ಕಂಟ್ರೋಲರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಈ ವಿಸ್ತರಣೆ ಕಥೆಯಲ್ಲೂ ಶತ್ರುಗಳ ವಿನ್ಯಾಸದಲ್ಲೂ ತೃಪ್ತಿ ಕೊಡುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮುದ್ದೆ. ಇವು ಎರಡು ಬೇರೆ ಪ್ರಶ್ನೆಗಳೇ ಅಲ್ಲ ಅಂತ ನನಗೆ ತಿಳಿದದ್ದು ಎರಡನೇ ಸಲ ಆಡುವಾಗ. ಶತ್ರುವಿನ ಮೈಯಲ್ಲೇ ಕಥೆ ಇರುವ ಕಡೆಯೆಲ್ಲ ಈ ಆಟ ನನ್ನನ್ನು ಹಿಡಿದು ಅಲುಗಾಡಿಸಿದೆ. ಮೈ ಒಂದು ಕಡೆ, ಕಥೆ ಒಂದು ಕಡೆ ಆದಲ್ಲಿ ಬರೀ ಸುಸ್ತು.

ಮೊದಲ ಸಲ ಆಡಿದ ರೀತಿಯಲ್ಲೇ ತಪ್ಪಿತ್ತು. ಒಳಗೆ ಹೋಗಬೇಕಾದರೆ ಮೂಲ ಆಟದಲ್ಲಿ ರಡಾನ್ ಮತ್ತು ಮೋಗ್ ಎಂಬ ಇಬ್ಬರು ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು, ಸೋಲಿಸಿರಬೇಕು. ಆಮೇಲೆ ಮೋಗ್‌ನ ಅರಮನೆಯಲ್ಲಿ, ಗೂಡಿನಿಂದ ಹೊರಚಾಚಿದ ಆ ಒಣಗಿದ ಕೈಯನ್ನು ಮುಟ್ಟಬೇಕು. ನಾನು 150ರ ಆಸುಪಾಸಿನ ಲೆವೆಲ್ ಇಟ್ಟುಕೊಂಡು, ಇಷ್ಟು ಸಾಕು ಅಂತ ನುಗ್ಗಿದೆ. ಆದರೆ ವಿಸ್ತರಣೆಯ ಕಥೆ ನಡೆಯುವ ನೆರಳಿನ ನಾಡಿನಲ್ಲಿ ಲೆವೆಲ್‌ಗೆ ಅಷ್ಟು ಬೆಲೆಯಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಸ್ಕಾಡುಟ್ರೀ ಚೂರುಗಳು. ನಾಡಿನ ತುಂಬ 50 ಚೂರುಗಳಿವೆ. ಅವನ್ನು ಕೂಡಿಸಿಕೊಂಡು ಹೋದರೆ ‘ಆಶೀರ್ವಾದ’ ಎಂಬ ಮಟ್ಟ 20ರವರೆಗೆ ಏರುತ್ತದೆ. ನಾವು ಕೊಡುವ ಏಟೂ ತಾಳುವ ಶಕ್ತಿಯೂ ಅದರಿಂದಲೇ ಹೆಚ್ಚುವುದು. ಇದನ್ನು ಬಿಟ್ಟು ನೇರ ಬಾಸ್‌ಗಳ ಬೆನ್ನು ಹತ್ತಿದ್ದರಿಂದ ಒಂದೊಂದು ಏಟಿಗೆ ಅರ್ಧ ಜೀವ ಹೋಗುತ್ತಿತ್ತು. ಬಿಡುಗಡೆಯಾದ ಮೊದಲ ದಿನಗಳಲ್ಲಿ ಆಟ ಮಾರುವ ಸ್ಟೀಮ್ ತಾಣದಲ್ಲಿ ಆಟಗಾರರ ಅಭಿಪ್ರಾಯ ಮಿಶ್ರವಾಗಿತ್ತು, ‘ಸಿಕ್ಕಾಪಟ್ಟೆ ಕಷ್ಟ’ ಎಂಬ ದೂರು ಎಲ್ಲೆಡೆ ಇತ್ತು. ವಾರ ಕಳೆಯುವುದರೊಳಗೆ ಪ್ಯಾಚ್, ಅಂದರೆ ತಿದ್ದುಪಡಿ, ಕೊಟ್ಟು ಮೊದಮೊದಲ ಚೂರುಗಳ ಬಲ ಹೆಚ್ಚಿಸಿದರು. ಅದರಿಂದ ಉಪಯೋಗವಾಯಿತು ನಿಜ. ಆದರೆ ಅವಸರ ನನ್ನದೇ ಆಗಿತ್ತು.

ಎರಡನೇ ಸಲ ಹೊಸ ಪಾತ್ರ ಕಟ್ಟಿ ಶುರುಮಾಡಿದಾಗ ಒಂದು ನಿಯಮ ಹಾಕಿಕೊಂಡೆ. ಸಿಕ್ಕ ಪ್ರತಿ ವಸ್ತುವಿನ ವಿವರಣೆಯನ್ನು ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆಯುವುದು. ಈ ಆಟ ಕನ್ನಡದಲ್ಲಿಲ್ಲ. ಅದರ ಇಂಗ್ಲಿಷ್ ಬೇರೆ ಹಳೇ ಕಾಲದ್ದು, ಅರ್ಧ ವಾಕ್ಯದಲ್ಲಿ ನಿಲ್ಲುವಂಥದ್ದು. ಓದಿ ಮುಂದೆ ಹೋದರೆ ಕಣ್ಣಿಂದ ಜಾರಿಹೋಗುತ್ತದೆ. ಕನ್ನಡದಲ್ಲಿ ಬರೆಯಬೇಕಾದರೆ ‘ಇದನ್ನು ಮಾಡಿದ್ದು ಯಾರು, ಯಾರಿಗೆ’ ಅಂತ ತೀರ್ಮಾನಿಸಲೇಬೇಕು, ಇಲ್ಲದಿದ್ದರೆ ಕ್ರಿಯಾಪದವೇ ಕೂರುವುದಿಲ್ಲ. ತಂಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಬರೆದದ್ದನ್ನು ಅವಳಿಗೆ ಓದಿ ಹೇಳುತ್ತಿದ್ದೆ.

ಫರ್ನೇಸ್ ಗೋಲೆಮ್ ಕಂಡ ದಿನ ಮೊದಲು ಬಾಯಿ ಬಿಟ್ಟವಳು ಅವಳೇ. ಬಯಲಿನಲ್ಲಿ ದೂರದಿಂದಲೇ ಕಾಣುವ ದೈತ್ಯ ಅದು, ಕಾಲು ಬಂದ ಬೆಂಕಿಯ ಬುಟ್ಟಿ. ನನ್ನ ಕಣ್ಣು ಅದರ ಕಾಲಿನ ಮೇಲಿತ್ತು. ಕಾಲಿಗೆ ಹೊಡೆದು ಬೀಳಿಸಬೇಕು, ಬೆಂಕಿಯ ಅಲೆ ಬಂದಾಗ ಕುದುರೆಯ ಮೇಲೆ ಕೂತೇ ಹಾರಬೇಕು. ಅವಳು ಕೇಳಿದಳು: “ಅಣ್ಣಾ, ಆ ಬುಟ್ಟಿ ಒಳಗೆ ಇರೋದು ಮನುಷ್ಯರಲ್ವಾ?” ಹೌದು, ಮನುಷ್ಯರೇ. ಹೆಣಗಳನ್ನು ತುಂಬಿ ಹೊತ್ತಿಸಿದ್ದಾರೆ. ಮೊದಲ ಸಲ ಅಷ್ಟು ಗೋಲೆಮ್ ಬೀಳಿಸಿದ್ದ ನನಗೆ ಇದು ಕಂಡೇ ಇರಲಿಲ್ಲ.

ಇದು ಮೆಸ್ಮರ್‌ನ ದಂಡಯಾತ್ರೆಯ ಯಂತ್ರ. ಮೆಸ್ಮರ್ ರಾಣಿ ಮಾರಿಕಾಳ ಮಗ. ಅಮ್ಮನ ಹೆಸರಿನಲ್ಲಿ, ಈ ನಾಡಿನ ಕೊಂಬು ಬೆಳೆದ ಜನರ ಊರುಗಳನ್ನೆಲ್ಲ ಸುಟ್ಟವನು. ಅದನ್ನು ಕಟ್‌ಸೀನ್‌ನಲ್ಲಿ ಯಾರೋ ಬಂದು ವಿವರಿಸುವುದಿಲ್ಲ. ಸುಟ್ಟ ಊರು ಸುಮ್ಮನೆ ಬಿದ್ದಿದೆ, ಅದನ್ನು ಸುಟ್ಟ ಯಂತ್ರ ಇನ್ನೂ ನಡೆಯುತ್ತಿದೆ, ನಾವು ಅದರ ಕಾಲಡಿ ಓಡಾಡುತ್ತಿದ್ದೇವೆ. ಕೆಲವು ಗೋಲೆಮ್‌ಗಳ ಕಾಲಿಗೆ ಕವಚ ಇರುತ್ತದೆ. ಅಂಥವಕ್ಕೆ ಎತ್ತರದ ಜಾಗ ಹತ್ತಿ, ದೊಡ್ಡ ಬೆಂಕಿ ಮಡಕೆಗಳನ್ನು ಬುಟ್ಟಿಯ ಬಾಯಿಗೇ ಎಸೆಯಬೇಕು. ಅದು ಗೊತ್ತಾದ ಮೇಲೆ ಪ್ರತಿ ಸಲ ಎಸೆಯುವಾಗಲೂ ನೇರ ಆ ಹೆಣಗಳನ್ನೇ ನೋಡಬೇಕಾಗುತ್ತದೆ. ವಿನ್ಯಾಸ ಮಾಡಿದವರು ಬೇಕೆಂದೇ ನಮ್ಮ ಕಣ್ಣನ್ನು ಅಲ್ಲಿಗೆ ತಿರುಗಿಸಿದ್ದಾರೆ ಅಂತ ನನ್ನ ನಂಬಿಕೆ.

ಬೆಲುರಾಟ್ ಎಂಬ ಊರಿನ ಕುಣಿಯುವ ಸಿಂಹವೂ ಇಂಥದ್ದೇ. ಬಹಳ ಜನರಿಗೆ ಎದುರಾಗುವ ಮೊದಲ ದೊಡ್ಡ ಬಾಸ್ ಅದು. ದೊಡ್ಡ ಮರದ ತಲೆ, ಮೇಲೆ ಹೊದಿಕೆ, ಕೆಳಗೆ ಮನುಷ್ಯರ ಕಾಲು. ನೋಡಿದ ತಕ್ಷಣ ಜಾತ್ರೆಯ ಕೀಲು ಕುದುರೆ ನೆನಪಾಯಿತು, ವೇಷದ ಕೆಳಗೆ ಕಾಲು ಕಂಡರೂ ಕುದುರೆಯೇ ಕುಣಿದ ಹಾಗೆ ಅನಿಸುತ್ತದಲ್ಲ, ಹಾಗೆ. ಇಲ್ಲಿ ಆ ಕುಣಿತಕ್ಕೆ ಗಾಳಿ, ಮಂಜು, ಸಿಡಿಲು ಬರುತ್ತವೆ. ಕೊಂಬಿನ ಜನರಿಗೆ ಅದು ಆಚರಣೆ, ಕುಣಿದು ದೈವವನ್ನು ಕರೆಯುವುದು. ನಾವು ಅವರ ಪೂಜೆಯ ನಡುವೆ ಕತ್ತಿ ಹಿಡಿದು ನುಗ್ಗಿದವರು. ಕ್ಯಾಮೆರಾ ಮಾತ್ರ ಈ ಕಾಳಗದಲ್ಲಿ ಪದೇ ಪದೇ ಕೈಕೊಡುತ್ತದೆ. ಸಿಂಹ ಮೈಮೇಲೆ ಹಾರಿದಾಗ ಪರದೆ ತುಂಬ ಕೂದಲೇ.

ಇನ್ನು ಗುಡಾಣದ ವಿಷಯ. ಆಟದಲ್ಲಿ ಒಂದು ಚಾವಟಿ ಸಿಗುತ್ತದೆ, ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಚಾವಟಿ. ಅದರ ವಿವರಣೆ, ಒಂದು ಪ್ರೇತದ ಮಾತು, ಸೆರೆಮನೆಯ ಮುದ್ದೆ, ಈ ಮೂರನ್ನೂ ಒಂದೇ ಪುಟದಲ್ಲಿ ಬರೆದುಕೊಂಡಾಗ ಚಿತ್ರ ಪೂರ್ತಿಯಾಯಿತು. ಕೊಂಬಿನ ಜನ ಶಾಮನ್ ಎಂಬ ಕುಲದವರನ್ನು ಹಿಡಿದು ತರುತ್ತಿದ್ದರು. ಅವರ ಮಾಂಸ ಬೇರೆಯವರ ಮಾಂಸದ ಜೊತೆ ಸುಲಭವಾಗಿ ಬೆರೆಯುತ್ತದೆ ಎಂಬ ನಂಬಿಕೆ. ಹೊಡೆದು, ಕತ್ತರಿಸಿ, ಅಪರಾಧಿಗಳ ಜೊತೆ ಗುಡಾಣಕ್ಕೆ ತುಂಬುತ್ತಿದ್ದರು. ‘ನೀನು ಹುಟ್ಟಿದ್ದೇ ಇದಕ್ಕೆ, ಒಳಗೆ ಹೋದರೆ ಸಂತರ ಸಮನಾಗುತ್ತೀಯ’ ಎಂಬ ಅರ್ಥದ ಮಾತನ್ನು ಆ ಪ್ರೇತ ಹೇಳುತ್ತದೆ, ಅದೂ ಕರುಣೆಯ ದನಿಯಲ್ಲಿ. ‘ಶಾಮನ್’ ಪದಕ್ಕೆ ನಾನು ಕನ್ನಡ ಹುಡುಕಿದೆ. ಪೂಜಾರಿ ಅಂದರೆ ತಪ್ಪಾಗುತ್ತದೆ, ಮಂತ್ರವಾದಿ ಅಂದರೆ ಇನ್ನೂ ತಪ್ಪು. ಹಾಗೇ ಬಿಟ್ಟೆ.

ಮಾರಿಕಾ ಆ ಕುಲದವಳು. ಮೂಲ ಆಟದುದ್ದಕ್ಕೂ ಕಲ್ಲಿನ ಪ್ರತಿಮೆಯಾಗಿ, ದೇವತೆಯಾಗಿ ಕಂಡವಳು ಇಂಥ ಒಂದು ಹಳ್ಳಿಯ ಹುಡುಗಿ.

ಆ ಹಳ್ಳಿಯನ್ನು ಮೊದಲ ಸಲ ನಾನು ನೋಡಿರಲೇ ಇಲ್ಲ. ದಾರಿ ಬಚ್ಚಿಟ್ಟಿದ್ದಾರೆ. ಬಾನಿ ಎಂಬ ಇನ್ನೊಂದು ಹಳ್ಳಿಯಲ್ಲಿ ಸಿಗುವ ‘ಓ ಮದರ್’ ಎಂಬ ಭಂಗಿಯನ್ನು ಕಲಿತು, ಶ್ಯಾಡೋ ಕೀಪ್ ಕೋಟೆಯ ಹಿಂಭಾಗದಲ್ಲಿರುವ ಮಾರಿಕಾ ಪ್ರತಿಮೆಯ ಮುಂದೆ ಮಾಡಿ ತೋರಿಸಿದರೆ ಮಾತ್ರ ಹಾದಿ ತೆರೆಯುತ್ತದೆ. ಹೋಗುವ ದಾರಿಯಲ್ಲಿ ಕಾವಲಿನ ಕುದುರೆ ಸವಾರರು ಇದ್ದಾರೆ. ಹಳ್ಳಿಯೊಳಗೆ ಒಬ್ಬ ಶತ್ರುವೂ ಇಲ್ಲ. ಹೂವು, ಪಾಳುಬಿದ್ದ ಮನೆ, ಚಿನ್ನದ ಬಣ್ಣದ ಒಂದು ಪುಟ್ಟ ಮರ, ಅಷ್ಟೇ. ಇಷ್ಟು ಹೊತ್ತು ಪ್ರತಿ ಮೂಲೆಯಲ್ಲೂ ಯಾರಾದರೂ ಮೇಲೆ ಬೀಳುತ್ತಿದ್ದ ಆಟ ಇಲ್ಲಿ ಸುಮ್ಮನಾಗುತ್ತದೆ. ಇಲ್ಲಿ ಇರಬೇಕಾದವರು ಎಲ್ಲಿ ಹೋದರು ಅಂತ ನನಗೆ ಗೊತ್ತಿತ್ತು, ಒಂದು ಗುಡಾಣ ನಾನೇ ಒಡೆದಿದ್ದೆ. ಶತ್ರುವೇ ಇಲ್ಲದ ಈ ಜಾಗವನ್ನು ಇಡೀ ವಿಸ್ತರಣೆಯ ಶತ್ರು ವಿನ್ಯಾಸದ ಅತ್ಯುತ್ತಮ ಭಾಗ ಅಂತ ನಾನು ಎಣಿಸುತ್ತೇನೆ.

ಅಲ್ಲಿ ಎರಡು ವಸ್ತುಗಳು ಸಿಗುತ್ತವೆ. ಒಂದು ಮಂತ್ರ. ತನ್ನ ಹಳ್ಳಿಯನ್ನು ಮಾರಿಕಾ ಚಿನ್ನದ ಬೆಳಕಿನಲ್ಲಿ ಮೀಯಿಸಿದಳು, ಗುಣವಾಗಬೇಕಾದವರು ಯಾರೂ ಉಳಿದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ, ಎಂದು ಅದರ ವಿವರಣೆ. ಇನ್ನೊಂದು, ಕತ್ತರಿಸಿದ ಹೊಂಬಣ್ಣದ ಜಡೆ. ಅಜ್ಜಿಗೆ ಮಾರಿಕಾ ಅರ್ಪಿಸಿದ್ದು. ಏನು ಬೇಡಿಕೊಂಡಳೋ ಹೇಳುವವರು ಯಾರೂ ಇಲ್ಲ, ಅವಳು ಮತ್ತೆಂದೂ ಮನೆಗೆ ಬರಲಿಲ್ಲ. ‘ಜಡೆ’, ‘ಅಜ್ಜಿ’, ಈ ಎರಡು ಪದ ನೋಟ್‌ಬುಕ್‌ನಲ್ಲಿ ಬರೆದಾಗ ಗಂಟಲು ಕಟ್ಟಿತು. ತಂಗಿ ಏನೂ ಮಾತಾಡಲಿಲ್ಲ.

ಇಷ್ಟು ತಿಳಿದ ಮೇಲೆ ಮೆಸ್ಮರ್‌ನ ಎದುರು ನಿಂತದ್ದೇ ಬೇರೆ ಅನುಭವ. ಮೊದಲ ಸಲ ಅವನು ನನಗೆ ಈಟಿ ಹಿಡಿದ ವೇಗದ ಬಾಸ್ ಅಷ್ಟೇ. ಈ ಸಲ ಫರ್ನೇಸ್ ಗೋಲೆಮ್ ಬೀಳಿಸಿ ಪಡೆದ ‘ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್’ ಕುಡಿದು ಹೋದೆ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಅಡ್ಡ ಹಿಡಿದರೆ ಅದು ಏಟನ್ನು ತಳ್ಳಿಹಾಕಲು ಬಿಡುತ್ತದೆ. ಉರುಳಿ ಉರುಳಿ ದೂರ ಹೋಗುವ ಬದಲು ಅವನ ಮುಂದೆಯೇ ನಿಂತು ಪ್ರತಿ ಈಟಿಯನ್ನೂ ಎದುರಿಸಬಹುದು. ಹಾಗೆ ನಿಂತಾಗ ಅವನ ಮುಖ ಕಾಣುತ್ತದೆ. ಅರ್ಧ ಕಾಳಗದಲ್ಲಿ ಅವನು ಅಮ್ಮ ಇಟ್ಟ ಮುದ್ರೆಯ ಕಣ್ಣನ್ನು ತಾನೇ ಕಿತ್ತು, ಒಳಗಿದ್ದ ಹಾವನ್ನು ಹೊರಬಿಡುತ್ತಾನೆ. ಸಾಯುವಾಗ ಅವನ ಬಾಯಿಂದ ಬರುವುದು ಅಮ್ಮನ ಹೆಸರು, ಅದರ ಹಿಂದೆಯೇ ಶಾಪ. ಅಮ್ಮನ ಸೇಡನ್ನು ತೀರಿಸಿ, ಅಮ್ಮನಿಂದಲೇ ಕೈಬಿಡಲ್ಪಟ್ಟವನು. ಕೊಂಬಿನವರ ಮೇಲೂ ಇವನ ಮೇಲೂ ಒಟ್ಟಿಗೆ ಮರುಕ ಹುಟ್ಟಿಸಿದ್ದು ಈ ಕಥೆಯ ದೊಡ್ಡ ಸಾಧನೆ.

ಮಿದ್ರಾ ಎಂಬ ಇನ್ನೊಬ್ಬ ಬಾಸ್‌ನ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆ. ಕುದುರೆ ಬೆದರಿ ಕಾಲಿಡದ ಕಾಡು, ಮುಟ್ಟಲಾಗದ ಜೀವಿಗಳಿಂದ ಅಡಗಿಕೊಂಡು ನಡೆಯುವ ದಾರಿ, ಕೊನೆಗೊಂದು ಬಂಗಲೆ. ಒಳಗೆ ಮೈತುಂಬ ಮುಳ್ಳಿನ ಕತ್ತಿ ಹೊಕ್ಕ ಒಬ್ಬ ಬಡಕಲು ಮುದುಕ. ಅವನು ನಿಧಾನ ಬಂದು ಮೆಲ್ಲಗೆ ಹೊಡೆಯುತ್ತಾನೆ, ಹೊಡೆಯಲು ನಮಗೇ ಕೈ ಬರುವುದಿಲ್ಲ. ತಾಳಿಕೋ ಎಂದು ಯಾರೋ ಹೇಳಿದ ಒಂದು ಮಾತಿಗಾಗಿ ಇಷ್ಟು ಕಾಲ ತಾಳಿಕೊಂಡವನು. ನಾವು ಹೊಡೆದ ಮೇಲೆ ಆ ಕತ್ತಿಯನ್ನು ಕಿತ್ತುಕೊಳ್ಳುತ್ತಾನೆ, ತಲೆಯೂ ಜೊತೆಗೇ ಬರುತ್ತದೆ. ತಾಳ್ಮೆ ಮುರಿದವರು ನಾವೇ.

ಎಲ್ಲವೂ ಹೀಗಿಲ್ಲ. ಬಯಲಿನಲ್ಲಿ ಒಂದರ ಹಿಂದೊಂದು ಸಿಗುವ ಪ್ರೇತಜ್ವಾಲೆಯ ಡ್ರ್ಯಾಗನ್‌ಗಳು ಮೂಲ ಆಟದ ಹಳೇ ಡ್ರ್ಯಾಗನ್ನಿಗೇ ಬಣ್ಣ ಬಳಿದಂತಿವೆ. ಹಂದಿ ಏರಿ ಬರುವ ಗಾಯಸ್ ಎಂಬ ಬಾಸ್‌ನ ಮೊದಲ ನುಗ್ಗಾಟದಲ್ಲಿ ಏಟು ಎಲ್ಲಿಂದ ಬಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಕೆಲವು ದೊಡ್ಡ ಪ್ರದೇಶಗಳು ನೋಡಲು ಚೆಂದ, ಒಳಗೆ ಖಾಲಿ.

ನಿಜವಾದ ನೋವು ಕೊನೆಯಲ್ಲಿದೆ. ಮಾರಿಕಾಳ ಇನ್ನೊಬ್ಬ ಮಗ ಮಿಕೆಲ್ಲಾ ದೇವರಾಗಲು ಹೊರಟು, ದಾರಿಯುದ್ದಕ್ಕೂ ತನ್ನ ಮೈಯನ್ನು, ಅನುಮಾನವನ್ನು, ಕೊನೆಗೆ ಪ್ರೀತಿಯನ್ನೂ ಬಿಟ್ಟುಹೋಗುತ್ತಾನೆ. ಬಿಟ್ಟ ಪ್ರೀತಿಯೇ ಟ್ರೀನಾ. ಪಾತಾಳದಂಥ ಬಿರುಕಿನಲ್ಲಿ ಬಿದ್ದಿರುವ ಅವಳ ಮಕರಂದ ಕುಡಿದು ಹಲವು ಸಲ ಸತ್ತರೆ ಮಾತ್ರ ಅವಳ ದನಿ ಕೇಳುತ್ತದೆ. ದೇವರ ಪಟ್ಟ ಅವನಿಗೆ ಸೆರೆಮನೆಯಾಗುತ್ತದೆ, ಅವನನ್ನು ಕೊಲ್ಲು, ಕ್ಷಮಿಸು ಅನ್ನುತ್ತಾಳೆ. ಇಷ್ಟು ದೂರ ಕಟ್ಟಿದ ಕಥೆ. ಆದರೆ ಎನಿರ್-ಇಲಿಮ್ ಎಂಬ ಕೊನೆಯ ಪ್ರದೇಶದ ತುದಿಯಲ್ಲಿ ಎದುರಾಗುವುದು ಮತ್ತೆ ರಡಾನ್, ಮೋಗ್‌ನ ಹೆಣದಲ್ಲಿ ತುಂಬಿದ ರಡಾನ್‌ನ ಆತ್ಮ. ಮೂಲ ಆಟದಲ್ಲಿ ಹಬ್ಬ ಮಾಡಿ ಗೌರವದಿಂದ ಕಳಿಸಿಕೊಟ್ಟ ವೀರ. ಅವನಿಗೆ ಇಲ್ಲಿ ಒಂದು ಮಾತೂ ಇಲ್ಲ. ಒಪ್ಪಿ ಬಂದನೋ, ಎಳೆದು ತಂದರೋ? ಮೋಗ್‌ನ ಸೇವಕ ಆನ್ಸ್‌ಬಾಕ್ ಹೇಳುವ ಕೆಲವು ಮಾತುಗಳಲ್ಲಿ ಇರುವ ಸಂಕಟ ಈ ಬಾಸ್‌ನ ಮೈಯಲ್ಲಿ ಇಲ್ಲ. ಗೆದ್ದ ಮೇಲೆ ಒಂದು ಚಿಕ್ಕ ನೆನಪಿನ ದೃಶ್ಯ, ಅಲ್ಲಿಗೆ ಮುಗಿಯಿತು.

ಮೊದಲ ಸಲ ದೊಡ್ಡ ಗುರಾಣಿಯ ಹಿಂದೆ ಅಡಗಿ, ಚುಚ್ಚಿ ಚುಚ್ಚಿ ಹೇಗೋ ಗೆದ್ದಿದ್ದೆ. ಖುಷಿಯಾಗಲಿಲ್ಲ. ಎರಡನೇ ಹಂತದಲ್ಲಿ ಮಿಕೆಲ್ಲಾ ಅವನ ಬೆನ್ನೇರಿ ಬಂದಾಗ ಪ್ರತಿ ಏಟಿನ ಹಿಂದೆಯೂ ಬೆಳಕಿನ ಕಂಬಗಳು ಬೀಳುತ್ತವೆ, ಕಣ್ಣು ಕುಕ್ಕಿ ಏನೂ ಕಾಣುವುದಿಲ್ಲ. 2024ರ ಸೆಪ್ಟೆಂಬರ್ ಪ್ಯಾಚ್‌ನಲ್ಲಿ ಇದನ್ನು ಸ್ವಲ್ಪ ತಗ್ಗಿಸಿದರು. ನಾನು ಎರಡನೇ ಸಲ ಹೋದದ್ದು ಅದರ ನಂತರ, ಆದರೂ ಆ ಬೆಳಕೇ ನನ್ನನ್ನು ಕೊಲ್ಲುತ್ತಿತ್ತು.

ಸೋತು ಸೋತು ಒಂದು ರಾತ್ರಿ, ಧರಿಸಿದರೆ ಬಲ ಕೊಡುವ ತಾಯಿತಗಳಾದ ತಾಲಿಸ್ಮನ್‌ಗಳನ್ನು ಬದಲಿಸಲು ಪಟ್ಟಿ ತೆರೆದೆ. ಪವಿತ್ರ ಬೆಳಕಿನ ಏಟನ್ನು ತಡೆಯುವಂಥದ್ದು ಬೇಕಿತ್ತು. ಆ ಏಟನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವ ತಾಲಿಸ್ಮನ್ ನನ್ನ ಬಳಿಯೇ ಇತ್ತು. ಅಜ್ಜಿಗೆ ಅರ್ಪಿಸಿದ ಆ ಜಡೆ.

“ಹಾಕ್ಕೋ ಅಣ್ಣಾ,” ಅಂದಳು ತಂಗಿ.

ದೇವರಾಗಲು ಹೊರಟ ಮಗನ ಬೆಳಕು ಮೈಮೇಲೆ ಬೀಳುತ್ತಿತ್ತು, ಹಳ್ಳಿ ಬಿಟ್ಟುಹೋದ ತಾಯಿಯ ಜಡೆ ಅದನ್ನು ತಡೆಯುತ್ತಿತ್ತು. ಐದಾರು ಪ್ರಯತ್ನಗಳ ಮೇಲೆ ರಡಾನ್ ಬಿದ್ದ. ಮಾರನೇ ದಿನ ಆ ಹಳ್ಳಿಗೆ ವಾಪಸ್ ಹೋದೆ, ಹೂವುಗಳ ನಡುವೆ ನನ್ನ ಪಾತ್ರವನ್ನು ಕೂರಿಸಿ ಆಟ ಆಫ್ ಮಾಡಿದೆ.